ಹುಣಸೆಮರದ ಬುಡದಲ್ಲಿ ಓಟು

ನನ್ನ ಎಡಗಿವಿ ಹೋದದ್ದು ಪೌರನೀತಿಯ ಪಾಠದಿಂದ. ಹೀಗೆಂದರೆ ಜನ ನಗುತ್ತಾರೆ. ನಗಲಿ. ಬಾವಿಗೆ ಬಿದ್ದು ಕಾಲು ಮುರಿದುಕೊಂಡವರುಂಟು, ಎತ್ತು ಹಾಯ್ದು ಕಣ್ಣು ಕಳೆದುಕೊಂಡವರುಂಟು. ಪಠ್ಯಪುಸ್ತಕ ಓದಿಸಿ ಕಿವಿ ಕಳೆದುಕೊಂಡವನು ನಮ್ಮ ಸಿರಾ ತಾಲ್ಲೂಕಿಗೆಲ್ಲ ನಾನೊಬ್ಬನೇ ಇರಬೇಕು. ಆ ಪುಸ್ತಕದಲ್ಲಿ ಇದ್ದದ್ದಾದರೂ ಎಷ್ಟು? ಒಂದೇ ಒಂದು ಸಾಲು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ ಓಟಿನ ಹಕ್ಕಿದೆ ಎಂದು ಬರೆದು, ಮುಂದಿನ ಸಾಲಿನಲ್ಲಿ ತಾಲ್ಲೂಕು ಬೋರ್ಡಿನ ವಿಷಯಕ್ಕೆ ಹಾರಿಬಿಟ್ಟಿದ್ದರು. ಬರೆದ ಮಹಾಶಯರು ಯಾವ ತಂಪಾದ ಕೋಣೆಯಲ್ಲಿ ಕೂತಿದ್ದರೋ ಏನೋ. ಅದನ್ನು ಓದಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ನಾನು ಸಿರಾ ಪೇಟೆಯ ಹುಡುಗ. ನಮ್ಮ ಅಬ್ಬಾ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿ ನನ್ನನ್ನು ಓದಿಸಿದರು. ಸಾವಿರದ ಒಂಬೈನೂರ ಐವತ್ತೈದರ ಸುಮಾರಿಗೆ, ಮದಲೂರು ಕೆರೆಯ ಕಡೆ ಹೋಗುವ ದಾರಿಯಲ್ಲಿದ್ದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ನನ್ನನ್ನು ಮೇಷ್ಟ್ರಾಗಿ ಹಾಕಿದರು. ಊರವರ ಬಾಯಲ್ಲಿ ನಾನು ‘ಸಾಬರ ಮೇಷ್ಟ್ರು’. ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಆಗಿನವರ ಮಕ್ಕಳು ಮೊಮ್ಮಕ್ಕಳು, ಅವರೇನು ಮಾಡಿಯಾರು ಪಾಪ.

ಆ ಊರಲ್ಲಿ ಹೊಡೆತ ಎನ್ನುವುದು ಬಿಸಿಲಿನಷ್ಟೇ ದಿನನಿತ್ಯದ ಮಾತಾಗಿತ್ತು. ಚಾವಡಿಯಲ್ಲಿ ಒಂದು ಕಲ್ಲಿನ ಕಂಬ. ಕೂಲಿಗೆ ತಡವಾಗಿ ಬಂದವನನ್ನು, ಎದುರು ಮಾತಾಡಿದವನನ್ನು, ಮೆಟ್ಟು ಹಾಕಿಕೊಂಡು ಊರೊಳಗೆ ಬಂದ ಕೇರಿಯವನನ್ನು ಅದಕ್ಕೆ ಕಟ್ಟಿ ಬಾರುಕೋಲಿನಲ್ಲಿ ಬಾರಿಸುತ್ತಿದ್ದರು. ಬಾರಿಸುವವರು ಪಟೇಲರಲ್ಲ. ಅವರದು ಬಿಳಿ ಪಂಚೆ, ಬೆಣ್ಣೆಯಂಥ ಮಾತು. ಬಾರಿಸುವುದಕ್ಕೆ ಅವರ ಭಾವಮೈದುನ ಇದ್ದ, ಕೋಣನ ಕತ್ತಿನ ಆಳು. ಶಾಲೆಯ ಕಿಟಕಿಯಿಂದ ಚಾವಡಿ ಕಾಣುತ್ತಿತ್ತು. ನಾನು ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದರೆ ಅತ್ತಲಿಂದ ಏಟಿನ ಸದ್ದು, ಕೂಗು. ಮಕ್ಕಳು ತಲೆ ಕೂಡ ಎತ್ತದೆ ಲೆಕ್ಕ ಮಾಡುತ್ತಿದ್ದವು. ಮೊದಲ ಸಲ ಅದನ್ನು ಕಂಡು ನನ್ನ ಕೈಯಿಂದ ಸೀಮೆಸುಣ್ಣ ಬಿದ್ದಿತ್ತು. ಹೆಡ್‌ಮಾಸ್ತರರು ಬಂದು ಕಿಟಕಿ ಹಾಕಿ, “ಊರ ಉಸಾಬರಿ ನಮಗ್ಯಾಕಪ್ಪ, ಪಾಠ ಮಾಡು” ಎಂದು ಹೋದರು.

ಐವತ್ತೇಳರ ಚುನಾವಣೆ ಹತ್ತಿರ ಬಂತು. ಆ ಒಂದು ಸಾಲನ್ನು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳಬಹುದಿತ್ತು. ನನ್ನ ಸ್ವಭಾವಕ್ಕೆ ಅದು ಒಗ್ಗಲಿಲ್ಲ. ಮಕ್ಕಳಿಗೆ ಹಿಂದಿನದೆಲ್ಲ ಹೇಳಿದೆ. ಮಹಾರಾಜರ ಕಾಲದಲ್ಲಿ ಓಟು ಇದ್ದದ್ದು ಹೆಚ್ಚು ಕಂದಾಯ ಕಟ್ಟುವವರಿಗೆ, ದೊಡ್ಡ ಓದು ಓದಿದವರಿಗೆ. “ಅಂಗಾದ್ರೆ ಈ ಊರಲ್ಲಿ ಯಾರಿಗಿತ್ತು ಹೇಳ್ರೋ?” ಎಂದೆ. ಇಡೀ ತರಗತಿ ಪಟೇಲರ ಮಗನ ಕಡೆ ತಿರುಗಿತು. ಅವನು ಎದೆ ಉಬ್ಬಿಸಿ ಕೂತ.

ಆಮೇಲೆ ನಮ್ಮಮ್ಮಿಯ ಕಥೆ ಹೇಳಿದೆ. ಮೊದಲನೇ ಚುನಾವಣೆಗೆ ಹೆಸರು ಬರೆದುಕೊಳ್ಳುವವನು ಸಿರಾದ ನಮ್ಮ ಮನೆ ಬಾಗಿಲಿಗೆ ಬಂದಿದ್ದ. ಅಮ್ಮಿ ಪರದೆಯ ಹಿಂದಿನಿಂದ, “ಕಲಾಯಿಯವ್ರ ಬೀವಿ ಅಂತ ಬರ್ಕೊಳಪ್ಪ” ಎಂದಳು. ಪರಗಂಡಸಿನ ಮುಂದೆ ಹೆಸರು ಹೇಳುವುದುಂಟೇ! ಅಂಥ ಹೆಸರು ನಡೆಯುವುದಿಲ್ಲ ಎಂದು ಸರ್ಕಾರ ಕೈಬಿಟ್ಟಿತು. ನಮ್ಮ ಬೀದಿಯಲ್ಲಿ ಮಾತ್ರವಲ್ಲ, ಆಚೆ ಬೀದಿಯ ಅಗ್ರಹಾರದ ಮಡಿಹೆಂಗಸರೂ ‘ಇಂಥವರ ತಾಯಿ, ಅಂಥವರ ಹೆಂಡತಿ’ ಎಂದು ಹೇಳಿ ಓಟು ಕಳೆದುಕೊಂಡಿದ್ದರು. “ಈ ಸಲ?” ಎಂದು ಒಬ್ಬ ಕೇಳಿದ. “ಈ ಸಲ ನಾನು ಊಟ ಬಿಟ್ಟು ಜಗಳ ಆಡ್ದೆ. ನಮ್ಮಮ್ಮಿ ಸಿಟ್ಟಿಗೆ ಹೆಸರನ್ನ ಎಷ್ಟು ಜೋರಾಗಿ ಕೂಗಿದ್ಳು ಅಂದ್ರೆ ಬೀದಿ ಕೊನೆ ಜಟಕಾದೋನು ತಿರುಗಿ ನೋಡ್ದ” ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

ಆಗಿನ ಓಟಿನ ಕ್ರಮ ಈಗಿನಂತಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಆಗ ಮುದ್ರೆ ಒತ್ತುವುದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ ಅಂಟಿಸಿರುವುದು. ಪೆಟ್ಟಿಗೆಗಳೆಲ್ಲ ತೆರೆಯ ಹಿಂದೆ ಸಾಲಾಗಿ ಇರುತ್ತಿದ್ದವು. ಬೆರಳಿಗೆ ಶಾಯಿ ಹಚ್ಚಿ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಅದನ್ನು ಹಿಡಿದು ಒಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. ಒಳಗೆ ಯಾರೂ ನೋಡುವಂತಿಲ್ಲ.

ಅದನ್ನೇ ತರಗತಿಯಲ್ಲಿ ಮಾಡಿಸಿದೆ. ಶನಿವಾರದ ಆಟ ಚಿನ್ನಿದಾಂಡೋ ಕಬಡ್ಡಿಯೋ ಎಂದು ಓಟು. ಎರಡು ಸೀಮೆಎಣ್ಣೆ ಡಬ್ಬಕ್ಕೆ ಚಿತ್ರ ಬರೆದು ಬೀರುವಿನ ಹಿಂದೆ ಇಟ್ಟೆ. ಮಕ್ಕಳು ಒಬ್ಬೊಬ್ಬರೇ ಹೋಗಿ ಬಂದರು. ಕೇರಿಯ ಮಕ್ಕಳು ಕೂರುತ್ತಿದ್ದದ್ದು ಬಾಗಿಲಾಚೆಯ ಜಗಲಿಯಲ್ಲಿ. ಅವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿ ಬಲು ಚುರುಕು. ಅವಳು ಚೀಟಿ ತೆಗೆದುಕೊಂಡು ಬೀರುವಿನ ಹಿಂದೆ ಹೋದಳು, ಹಾಗೇ ಹೊರಗೆ ಬಂದಳು, ಬಂದವಳೇ ಚೀಟಿಯನ್ನು ಪಟೇಲರ ಮಗನ ಮುಂದೆ ನೆಲದ ಮೇಲೆ ಇಟ್ಟಳು. ಅವನು ಎತ್ತಿ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಆಗಲೇ ಕೇರಿಯ ಮಕ್ಕಳ ಚೀಟಿಗಳೆಲ್ಲ ಇದ್ದವು. ಅವನು ಎದ್ದು ಹೋಗಿ ಎಲ್ಲವನ್ನೂ ಕಬಡ್ಡಿ ಡಬ್ಬಕ್ಕೆ ಸುರಿಯಲು ಹೊರಟಿದ್ದ.

ನನ್ನ ಮೈ ಉರಿದುಹೋಯಿತು. “ನಿಲ್ಲೋ ಅಲ್ಲಿ! ಏನಮ್ಮ, ನಿನ್ ಓಟು ಅವನಿಗ್ಯಾಕೆ ಕೊಟ್ಟೆ?” ಎಂದು ಕಿರುಚಿದೆ. ಹುಡುಗಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ.

“ನಾವು ಮುಟ್ಟಂಗಿಲ್ಲ ಸಾ. ಪೆಟ್ಗೆ ಮೈಲ್ಗೆ ಆಯ್ತದೆ. ನಮ್ದನ್ನ ಅವ್ರು ಹಾಕ್ತಾರೆ. ಮಾರಮ್ಮನ್ಗೆ ಹಣ್ಣುಕಾಯಿ ಮಾಡುಸ್ತೀವಲ್ಲ, ಅಂಗೆ.”

ಆ ಊರಿನ ಪದ್ಧತಿ ಅದು. ಕೇರಿಯವರು ಮಾರಮ್ಮನ ಗುಡಿಯೊಳಗೆ ಕಾಲಿಡುವಂತಿಲ್ಲ. ಹಣ್ಣುಕಾಯಿಯನ್ನು ಹೊರಗಿನ ಚಪ್ಪಡಿಯ ಮೇಲಿಟ್ಟು ದೂರ ಸರಿದು ನಿಲ್ಲಬೇಕು. ಪಟೇಲರ ಮನೆಯವರೊಬ್ಬರು ಅದಕ್ಕೆ ನೀರು ಚಿಮುಕಿಸಿ ಒಳಗೆ ಒಯ್ದು, ಒಡೆಸಿ, ಒಂದು ಹೋಳನ್ನು ತಂದು ಮೇಲಿನಿಂದ ಸೆರಗಿಗೆ ಎಸೆಯುತ್ತಿದ್ದರು. ಮೊದಲನೇ ಚುನಾವಣೆಯಲ್ಲಿ ಊರಿನ ಹೆಂಗಸರು ಓಟಿನ ಪೆಟ್ಟಿಗೆಗೆ ಕುಂಕುಮ ಹಚ್ಚಿ ಹೂ ಏರಿಸಿ ಕೈಮುಗಿದಿದ್ದರಂತೆ. ಪಟೇಲರಿಗೆ ಅಷ್ಟು ಸಾಕಾಯಿತು. ಪೆಟ್ಟಿಗೆಯೂ ದೇವರೇ, ನೀವು ಮುಟ್ಟಬೇಡಿ, ನಿಮ್ಮದನ್ನು ನಾವು ಮುಟ್ಟಿಸುತ್ತೇವೆ ಎಂದು ಕೇರಿಗೆ ಹೇಳಿಕಳಿಸಿದರು. ಕೇರಿಯವರು ಚೀಟಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ತಂದು ಶಾಲೆಯಾಚೆಯ ಹುಣಸೆಮರದ ಬುಡದಲ್ಲಿ ಇಟ್ಟರು. ಭಾವಮೈದುನ ಅವನ್ನೆಲ್ಲ ತನ್ನ ಓಟು ಹಾಕಲು ಹೊರಟಿದ್ದ ಒಬ್ಬ ಬಂಟನ ಅಂಗಿಯೊಳಗೆ ತುರುಕಿ ಒಳಗೆ ಕಳಿಸಿದ. ಇಡೀ ಕೇರಿಯ ಓಟು ಪಟೇಲರು ಹೇಳಿದ ಒಂದೇ ಪೆಟ್ಟಿಗೆಗೆ ಬಿತ್ತು. ಯಾರೂ ಕದ್ದರು ಎಂದುಕೊಳ್ಳಲಿಲ್ಲ, ಕಳೆದುಕೊಂಡೆವು ಎಂದೂ ಅಂದುಕೊಳ್ಳಲಿಲ್ಲ. ದೇವರಿಗೆ ಸಲ್ಲಿಸಿದಂತೆ ಸಲ್ಲಿಸಿ ಮನೆಗೆ ಹೋಗಿದ್ದರು.

ಇದೆಲ್ಲ ನನಗೆ ಆ ಹುಡುಗಿಯ ಬಾಯಿಂದ, ಅವಳ ಪಕ್ಕದವರ ಬಾಯಿಂದ ಆ ಹೊತ್ತೇ ತಿಳಿಯಿತು. ಪಟೇಲರ ಮಗನ ಜೇಬಿನಿಂದ ಚೀಟಿಗಳನ್ನು ಕಿತ್ತುಕೊಂಡೆ. ಹುಡುಗಿಯನ್ನು ಕರೆದು, “ನೀನೇ ಹಾಕು. ಎರಡು ಕೈಯಲ್ಲೂ ಡಬ್ಬ ಮುಟ್ಟಿ ಹಾಕು” ಎಂದೆ. ಅವಳು ಮತ್ತೆ ಜಗಲಿ ದಾಟಿ ಒಳಗೆ ಬಂದಳು. ಡಬ್ಬ ಮುಟ್ಟಿದಳು.

“ಏನಾಯ್ತಮ್ಮ?”

“ಏನೂ ಆಗ್ಲಿಲ್ಲ ಸಾ” ಎಂದಳು. ಅವಳಿಗೇ ನಂಬಿಕೆ ಬಂದಿರಲಿಲ್ಲ, ಇನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ಕೇರಿಯ ಮಕ್ಕಳೆಲ್ಲ ನುಗ್ಗಿದವು. ಎಣಿಸಿದಾಗ ಚಿನ್ನಿದಾಂಡು ಗೆದ್ದಿತು. ಪಟೇಲರ ಮಗ ಅಳುತ್ತ ಮನೆಗೆ ಓಡಿದ.

ಮಧ್ಯಾಹ್ನ ಪಟೇಲರೂ ಭಾವಮೈದುನನೂ ಬಂದರು. ಪಟೇಲರು ನನ್ನ ಕುರ್ಚಿಯಲ್ಲಿ ಕೂತು, “ಏನ್ ಸಾಬ್ರೇ, ನಿಮ್ಗೆ ಮಗ್ಗಿ ಹೇಳ್ಕೊಡಿ ಅಂತ ತಾನೆ ಸರ್ಕಾರ ಸಂಬ್ಳ ಕೊಡೋದು?” ಎಂದರು. ನಾನು ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟೆ. “ಇದು ಪಾಠದಲ್ಲೈತೆ ಪಟೇಲರೇ, ಓದ್ಕೊಳ್ಳಿ.” ಓದುವುದಕ್ಕೆ ಮೊದಲೇ ಏಟು ಬಿತ್ತು. ಭಾವಮೈದುನ ಅಂಗೈ ಅಗಲಿಸಿ ಎಡಗಿವಿಗೆ ಬಾರಿಸಿದ. ತಲೆಯೊಳಗೆ ಏನೋ ಸಿಡಿದ ಸದ್ದು, ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಬಿದ್ದವನ ಪಕ್ಕೆಗೆ ಎರಡು ಒದೆ. “ಇನ್ನೊಂದ್ ಕಿವಿನಾದ್ರೂ ಉಳುಸ್ಕೊಳ್ಲಾ” ಎಂದು ನನ್ನ ಬಲಗಿವಿಯ ಹತ್ತಿರ ಬಾಗಿ ಹೇಳಿದ. ಕುತ್ತಿಗೆಯ ಮೇಲೆ ರಕ್ತ ಇಳಿಯುತ್ತಿತ್ತು. ಮಕ್ಕಳು ನೋಡುತ್ತಿದ್ದವು. ಈ ಸಲ ಯಾರೂ ತಲೆ ತಗ್ಗಿಸಿ ಲೆಕ್ಕ ಮಾಡುತ್ತಿರಲಿಲ್ಲ.

ಎರಡು ದಿನದ ಮೇಲೆ ಆ ಹುಡುಗಿಯ ತಾಯಿ ಶಾಲೆಯ ಹತ್ತಿರ ಬಂದು ಬೇವಿನಮರದ ಪಕ್ಕ ನಿಂತಳು. ಮಗಳನ್ನು ಬಿಡಿಸಿಕೊಂಡು ಹೋಗಲು ಬಂದಿದ್ದಾಳೆ ಎಂದುಕೊಂಡೆ. ಕಪ್ಪಗೆ ಗಟ್ಟಿಮುಟ್ಟಾದ ಹೆಂಗಸು, ಪಟೇಲರ ಹೊಲದಲ್ಲಿ ಕೂಲಿ. ನನ್ನ ಕಿವಿಗೆ ಕಟ್ಟಿದ್ದ ಬಟ್ಟೆಯನ್ನು ನೋಡಿ ಎರಡು ಹೆಜ್ಜೆ ಹತ್ತಿರ ಬಂದಳು.

“ಬುದ್ಧಿ, ಆ ಓಟಿನ್ ಪೆಟ್ಗೆನ ನಾನೇ ಮುಟ್ಟಿ ಹಾಕುದ್ರೆ, ನಾನ್ ಹಾಕಿದ್ದು ಹೋಗ್ಬೇಕಾದ್ ಕಡೀಕೆ ಹೋಯ್ತದಾ?”

“ಹೋಗ್ತದೆ ಕಣಮ್ಮ. ಮಧ್ಯ ಯಾರೂ ಇರಲ್ಲ.”

“ಯಾರೂ?”

“ಯಾರೂ ಇರಲ್ಲ.”

ಆಗ ಅವಳು ನೆಲಕ್ಕೆ ಕುಕ್ಕರಿಸಿ ಹೇಳಿದಳು. ಅವಳ ಗಂಡ ಪಟೇಲರ ಮನೆಯಲ್ಲಿ ಜೀತಕ್ಕಿದ್ದ. ಹಿಂದಿನ ವರ್ಷ ಅವನು ಮೇಯಿಸುತ್ತಿದ್ದ ಎತ್ತೊಂದು ಬಾವಿಗೆ ಬಿತ್ತು. ಅವನನ್ನು ಕಂಬಕ್ಕೆ ಕಟ್ಟಿ, ಬಾಯಲ್ಲಿ ರಕ್ತ ಬರುವವರೆಗೂ ಹೊಡೆದರು. ಮನೆಗೆ ಹೊತ್ತು ತಂದ ಮೇಲೆ ಅವನಿಗೆ ನೀರೂ ಇಳಿಯಲಿಲ್ಲ. ಇವಳು ಒಂದು ಕಾಯಿ ಸಂಪಾದಿಸಿ ಮಾರಮ್ಮನ ಗುಡಿಗೆ ಓಡಿ ಚಪ್ಪಡಿಯ ಮೇಲಿಟ್ಟಳು. ಭಾವಮೈದುನ ಎತ್ತಿಕೊಂಡು ಹೋದ. ಇವಳಿಗೆ ತಡೆಯಲಾಗದೆ ಗೋಡೆಯ ಸಂದಿಯಲ್ಲಿ ಇಣುಕಿದಳು. ಅವನು ದೇವರ ಹತ್ತಿರ ಹೋಗಲೇ ಇಲ್ಲ. ಗುಡಿಯ ಹಿಂದಿನ ಕಲ್ಲಿಗೆ ಕಾಯಿ ಕುಕ್ಕಿ, ನೀರು ಕುಡಿದು, ಹಲ್ಲಲ್ಲೇ ಕೊಬ್ಬರಿ ಕಿತ್ತು ತಿಂದು, ಉಳಿದ ಹೋಳನ್ನು ತಂದು ಇವಳ ಸೆರಗಿಗೆ ಎಸೆದ. ಸಂಜೆಗೆ ಗಂಡ ಸತ್ತ.

“ಮಾರಮ್ಮನ್ಗೆ ನನ್ ಕಾಯಿ ಮುಟ್ಲೇ ಇಲ್ಲ ಬುದ್ಧಿ. ನಾನ್ ಕೇಳ್ಕಂಡಿದ್ದೇ ಅವ್ಳಿಗೆ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ಉಳುಸ್ತಿದ್ಲೋ ಏನೋ. ಒಂದಾದ್ರೂ ನಂದು ಅಂತ ಹಾಕಿದ್ದು ನೆಟ್ಟಗೆ ಹೋಗಿ ಮುಟ್ಲಿ.” ಅಳಲಿಲ್ಲ. ಸೆರಗು ಕೊಡವಿ ಎದ್ದು ಹೋದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾವೆಲ್ಲ ನಗುನಗುತ್ತ ಆಡುವ ಗಾದೆ. ಅವತ್ತಿನಿಂದ ಆ ಗಾದೆಗೆ ನನಗೆ ನಗು ಬಂದಿಲ್ಲ.

ಓಟಿನ ದಿನ ಬಂತು. ಮತಗಟ್ಟೆ ನಮ್ಮ ಶಾಲೆಯೇ. ಮೇಜು ಬೆಂಚು ಒದಗಿಸಲು, ನೀರಿನ ಹರವಿ ತುಂಬಿಸಲು ನಾನು ಅಲ್ಲಿರಬೇಕಾಗಿತ್ತು. ಅಧಿಕಾರಿಯಾಗಿ ಬಂದಿದ್ದವರು ಪಾವಗಡದ ಕಡೆಯ ಒಬ್ಬ ಗುಮಾಸ್ತರು. ಮಾತಿಗೊಮ್ಮೆ ತೆಲುಗು, ಬೆವರೊರೆಸಿಕೊಳ್ಳುತ್ತ “ಏಮಯ್ಯಾ, ಮಜ್ಜಿಗೆ ಏನಾದ್ರೂ ಸಿಗ್ತದಾ” ಎನ್ನುವುದೇ ಅವರ ಚಿಂತೆ. ಬಾಗಿಲಲ್ಲಿ ಒಬ್ಬ ಪೊಲೀಸು, ಅವನೂ ಬೆಳಗಿನ ತಿಂಡಿ ತಿಂದದ್ದು ಪಟೇಲರ ಮನೆಯಲ್ಲಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಹುಣಸೆ ಸುಗ್ಗಿಯ ಕಾಲ. ಶಾಲೆಯ ಗೇಟಿನಾಚೆ ಮರದ ಬುಡದಲ್ಲಿ ಹಣ್ಣಿನ ರಾಶಿ, ಚಪ್ಪಟೆ ಕಲ್ಲುಗಳು, ಹಣ್ಣು ಜಜ್ಜಿ ಬೀಜ ಬಿಡಿಸುವ ಮರದ ಕೊಡತಿಗಳು. ಅವತ್ತು ಜಜ್ಜುವ ಹೆಂಗಸರನ್ನು ಎಬ್ಬಿಸಿ ಭಾವಮೈದುನ ಅಲ್ಲಿ ಕೂತಿದ್ದ, ಅಕ್ಕಪಕ್ಕ ನಾಲ್ಕೈದು ಬಂಟರು. ಕೇರಿಯವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಶಾಯಿ ಹಚ್ಚಿಸಿಕೊಂಡು, ತೆರೆಯ ಹಿಂದೆ ನಿಂತು ಬಂದು, ಚೀಟಿಯನ್ನು ಅವನ ಮುಂದಿನ ಗೋಣಿಯ ಮೇಲೆ ಇಡುತ್ತಿದ್ದರು. ನಾನು ಅಧಿಕಾರಿಗೆ ಹೇಳಿದೆ. “ಹೊರಗಡೆ ನಡಿಯೋದು ನಂಗೇನ್ ತೆಲುಸು ಮೇಷ್ಟ್ರೇ, ಒಳಗಡೆ ಶಿಸ್ತಾಗೈತೆ ಅಲ್ವಾ” ಎಂದರು. ಪೊಲೀಸಿಗೆ ಹೇಳಿದೆ. “ಗೇಟಿಂದ ಆಚೆ ನಂಗೆ ಸಂಬಂಧ ಇಲ್ಲ” ಎಂದ. ಥೂ, ಇವರ ಜನ್ಮಕ್ಕಿಷ್ಟು!

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹುಡುಗಿಯ ತಾಯಿ ಬಂದಳು. ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಒಳಗೆ ಹೋದವಳು ಬರುವುದು ಸ್ವಲ್ಪ ತಡವಾಯಿತು, ಹೊರಗೆ ಬಂದಾಗ ಮುಖದಲ್ಲಿ ಒಂದು ಹೊಳಪಿತ್ತು. ನೀರಿನ ಹರವಿಯ ಹತ್ತಿರ ನಿಂತಿದ್ದ ನನ್ನನ್ನು ನೋಡಿಯೂ ನೋಡದಂತೆ ಗೇಟು ದಾಟಿದಳು. ಕೈ ಬೀಸಿಕೊಂಡೇ ಹುಣಸೆಮರದ ಮುಂದೆ ಹೋದಳು.

“ಎಲ್ಲೇ ಚೀಟಿ?” ಎಂದ ಭಾವಮೈದುನ.

“ಹಾಕ್ಬುಟ್ಟೆ.”

“ಎಲ್ಗೆ ಹಾಕ್ದೆ?”

“ಪೆಟ್ಗೆಗೆ. ನನ್ ಕೈನಾಗೇ ಮುಟ್ಟಿ ಹಾಕ್ದೆ. ಏನೂ ಆಗ್ಲಿಲ್ಲ.”

ಅವನು ಎದ್ದು ಬಂದ. “ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ ಅಂತ ಕಾಯ್ತಿದ್ದೆ ಕಣೇ. ಆವತ್ತು ಗುಡಿ ಗೋಡೆ ಸಂದೀಲಿ ಇಣುಕ್ದೋಳು ನೀನೇ ತಾನೆ?” ಎಂದವನೇ ಜುಟ್ಟು ಹಿಡಿದು ನೆಲಕ್ಕೆ ಕೆಡವಿದ. ಬಂಟರು ಮುಗಿಬಿದ್ದರು. ಬೆನ್ನಿಗೆ, ಹೊಟ್ಟೆಗೆ, ಮುಖಕ್ಕೆ ಒದ್ದರು. ಕೇರಿಯ ಜನ ಇಪ್ಪತ್ತು ಮಾರು ದೂರದಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದರು, ಒಬ್ಬನೂ ಮುಂದೆ ಬರಲಿಲ್ಲ. ಬಂದಿದ್ದರೆ ಅವತ್ತೇ ಕೇರಿಗೆ ಬೆಂಕಿ ಬೀಳುತ್ತಿತ್ತು, ಅದು ಅವರಿಗೂ ಗೊತ್ತು, ನನಗೂ ಗೊತ್ತು.

ನಾನು ಓಡಿದೆ. ಅವನ ಬೆನ್ನಿನ ಮೇಲೆ ಬಿದ್ದು ಕುತ್ತಿಗೆಗೆ ಕೈಹಾಕಿದ್ದಷ್ಟೇ ನೆನಪು. ಯಾರೋ ದೊಣ್ಣೆಯಿಂದ ಮಂಡಿಗೆ ಹೊಡೆದರು. ಬಿದ್ದ ನನ್ನ ಎದೆಯ ಮೇಲೆ ಒಬ್ಬ ಕಾಲಿಟ್ಟು ನಿಂತ. ಮಲಗಿದ ಕಡೆಯಿಂದಲೇ ಎಲ್ಲವೂ ಕಾಣುತ್ತಿತ್ತು.

ಭಾವಮೈದುನ ಅವಳ ಎಡಗೈ ಎಳೆದು ಹುಣಸೆಹಣ್ಣು ಜಜ್ಜುವ ಕಲ್ಲಿನ ಮೇಲೆ ಇಟ್ಟ. ತೋರುಬೆರಳಿನ ಮೇಲೆ ಶಾಯಿ ಇನ್ನೂ ಒದ್ದೆಯಾಗಿತ್ತು. “ಈ ಬೆಳ್ಳಲ್ವಾ ಮುಟ್ಟಿದ್ದು?” ಎಂದು ಕೊಡತಿ ಎತ್ತಿದ. ಅವಳು ಕೈ ಎಳೆದುಕೊಳ್ಳಲು ನೋಡಿದಳು, ಇಬ್ಬರು ಮೊಳಕೈ ಒತ್ತಿ ಹಿಡಿದಿದ್ದರು. ಮೊದಲ ಏಟಿಗೆ ಅವಳು ಕಿರುಚಿದ ಕೂಗು ಶಾಲೆಯೊಳಕ್ಕೆ ಹೋಯಿತು. ಸಾಲಿನಲ್ಲಿ ನಿಂತಿದ್ದವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವನು ನಿಲ್ಲಿಸಲಿಲ್ಲ. ಹಣ್ಣು ಜಜ್ಜುವವರ ಹಾಗೆ ಮೂಳೆಯೆಲ್ಲ ಹೋಗುವ ತನಕ ಜಜ್ಜಿದ. ಕಲ್ಲಿನ ಮೇಲೆ ಹುಣಸೆಯ ತಿರುಳು, ರಕ್ತ, ಶಾಯಿ ಕಲಸಿಕೊಂಡಿತ್ತು. ಆಮೇಲೆ ಅವನು ಕೊಡತಿಯನ್ನು ಅವಳ ಸೀರೆಗೇ ಒರೆಸಿ ರಾಶಿಯ ಮೇಲೆ ಎಸೆದ. ಅಷ್ಟು ಹೊತ್ತಿಗೆ ಅವಳ ಮಗಳು ಓಡಿಬಂದು ಅವನ ತೊಡೆಗೆ ಬಾಯಿ ಹಾಕಿ ಕಚ್ಚಿದಳು. ಅವನು ಮಗುವನ್ನು ಬೆಕ್ಕಿನ ಮರಿಯಂತೆ ಕಿತ್ತು ದೂರ ಎಸೆದ. ಒಳಗೆ ಓಟು ನಡೆಯುತ್ತಲೇ ಇತ್ತು.

ಎತ್ತಿನಗಾಡಿಯಲ್ಲಿ ಅವಳನ್ನು ಸಿರಾ ಆಸ್ಪತ್ರೆಗೆ ಒಯ್ದೆವು. ಬೆರಳನ್ನು ಬುಡದಿಂದ ತೆಗೆದರು, ಬೇರೆ ದಾರಿ ಇರಲಿಲ್ಲ. ನಮ್ಮಮ್ಮಿ ದಿನಾ ಬುರ್ಖಾ ಹಾಕಿಕೊಂಡು ರಾಗಿ ಗಂಜಿ ತಂದು ಚಮಚದಲ್ಲಿ ಕುಡಿಸಿದಳು. “ಯಾ ಅಲ್ಲಾ, ಹೊಡ್ದೋನ ಕೈ ಸೇದೋಗ!” ಎಂದು ಶಾಪ ಹಾಕುತ್ತ ಆ ಹುಡುಗಿಯ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅಮ್ಮಿ ಆ ಸಲ ಓಟು ಹಾಕಿದ್ದಳು. ಅವಳ ಬೆರಳ ಶಾಯಿ ಕಂಡಾಗೆಲ್ಲ ನಾನು ಮುಖ ಆಚೆ ತಿರುಗಿಸುತ್ತಿದ್ದೆ.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಮಂಚದ ಪಕ್ಕ ನಿಂತು, “ನನ್ ಪಾಠದಿಂದ ಇಂಗಾಯ್ತಲ್ಲಮ್ಮ” ಎಂದು ಅತ್ತುಬಿಟ್ಟೆ. ಅವಳು ಊದಿದ ಮುಖವನ್ನು ನನ್ನ ಕಡೆ ತಿರುಗಿಸಿದಳು. ಕಣ್ಣಲ್ಲಿ ಕೋಪ ಇತ್ತು, ನನ್ನ ಮೇಲೆಯೇ.

“ಸುಮ್ಕಿರಿ ಬುದ್ಧಿ. ನಿಮ್ ಪಾಠ ನನ್ ಮಗ್ಳಿಗೆ ಹೇಳಿದ್ದು, ನಂಗಲ್ಲ. ನಾನ್ ಹಾಕಿದ್ದು ನಂಗ್ ಬೇಕಾಗಿ. ಅದ್ನೂ ನೀವು ನಿಮ್ದು ಅಂತ ತಕ್ಕಂಬ್ಯಾಡಿ.”

ಮೂಗು ಹಿಡಿದು ತಿರುವಿದಂತಾಯಿತು. ಹೊಡೆದವನು ಬೆರಳು ಕಿತ್ತುಕೊಂಡಿದ್ದ. ನಾನು ಅಳುತ್ತ ನಿಂತು ಉಳಿದದ್ದನ್ನೂ ಕಿತ್ತುಕೊಳ್ಳುತ್ತಿದ್ದೆ. ಕಣ್ಣೊರೆಸಿಕೊಂಡೆ. “ಯಾರಿಗ್ ಹಾಕ್ದೆ?” ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ.

ಪೊಲೀಸರಿಗೆ ಹೇಳಿಕೆ ಕೊಟ್ಟೆ. ಕಣ್ಣಾರೆ ಕಂಡವರೆಲ್ಲ ತಾವು ಏನೂ ಕಾಣಲಿಲ್ಲ ಎಂದರು. ಹುಣಸೆಹಣ್ಣು ಜಜ್ಜುವಾಗ ಅವಳೇ ಕೊಡತಿಯನ್ನು ಕೈಮೇಲೆ ಹಾಕಿಕೊಂಡಳು ಎಂದು ಪೊಲೀಸರು ಬರೆದು ಮುಗಿಸಿದರು. ಒಂದು ತಿಂಗಳು ಕೇರಿಯವರಿಗೆ ಊರಲ್ಲಿ ಕೂಲಿ ಇಲ್ಲ, ಅಂಗಡಿಯಲ್ಲಿ ಉಪ್ಪೂ ಇಲ್ಲ. ಕೇರಿಯವರೇ ಕೆಲವರು ಬಂದು ಅವಳ ಗುಡಿಸಲಿನ ಮುಂದೆ ಮಣ್ಣು ತೂರಿ ಬೈದರು. ನನಗೆ ಮಧುಗಿರಿಯ ಕಚೇರಿಯಿಂದ ವರ್ಗದ ಆರ್ಡರ್ ಬಂತು, ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯ ಒಂದು ಶಾಲೆಗೆ. ಹೊರಡುವ ಮುಂಚೆ ಹುಡುಗಿಯನ್ನು ಮಧುಗಿರಿಯ ಹಾಸ್ಟೆಲಿಗೆ ಸೇರಿಸಿದೆ. ಅದಕ್ಕೂ ಅವಳ ತಾಯಿ ಮೂರು ಸಲ ಯೋಚಿಸಿ ಒಪ್ಪಿದಳು.

ಹೊಸ ಶಾಲೆಯಲ್ಲೂ ಅದೇ ಪುಸ್ತಕ, ಅದೇ ಸಾಲು. ಅಲ್ಲಿ ನಾನು ಡಬ್ಬ ಇಟ್ಟು ಆಟ ಆಡಿಸಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದೆ, ಪ್ರತಿ ವರ್ಷ ಹೇಳಿದೆ. ಕೆಲವು ಮಕ್ಕಳು ಅತ್ತವು. ಒಬ್ಬ ಹುಡುಗ, “ಸುಳ್ಳು ಸಾ, ಅಂಗೆಲ್ಲ ಮಾಡ್ತಾರಾ?” ಎಂದು ನನ್ನ ಮೇಲೇ ಜಗಳಕ್ಕೆ ಬಂದ. ಆ ಹುಡುಗನನ್ನು ಕಂಡು ನನಗೆ ಸಂತೋಷವಾಯಿತು. ಹೆಡ್‌ಮಾಸ್ತರರು ಮಾತ್ರ ಕಿಟಕಿ ಹಾಕಿಕೊಂಡು ಪಾಠ ಮಾಡಿ ಎಂದರು. ಜಗತ್ತಿನ ಹೆಡ್‌ಮಾಸ್ತರರೆಲ್ಲ ಒಂದೇ ಅಚ್ಚು!

ಅರವತ್ತೆರಡರ ಚುನಾವಣೆ ಬಂತು. ಈ ಸಲ ಕ್ರಮ ಬದಲಾಗಿತ್ತು. ಎಲ್ಲ ಗುರುತುಗಳೂ ಒಂದೇ ಕಾಗದದ ಮೇಲೆ, ಬೇಕಾದದ್ದಕ್ಕೆ ಮುದ್ರೆ ಒತ್ತಿ ಮಡಿಚಿ ಅಧಿಕಾರಿಯ ಕಣ್ಣೆದುರಿನ ಒಂದೇ ಪೆಟ್ಟಿಗೆಗೆ ಹಾಕಬೇಕು. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ತರುವುದು ಸುಲಭವಲ್ಲ. ನನ್ನ ಹೆಸರನ್ನು ಆ ಹಳ್ಳಿಯ ಓಟಿನ ಪಟ್ಟಿಯಿಂದ ತೆಗೆಸಲು ಯಾರಿಗೂ ನೆನಪಾಗಿರಲಿಲ್ಲ, ನಾನೂ ಕೇಳಿರಲಿಲ್ಲ. ಅವತ್ತು ಏಟು ತಿಂದ ಮಂಡಿಯಲ್ಲಿ ಕುಂಟುತ್ತ ಬಸ್ಸಿಳಿದು ಓಟು ಹಾಕಲು ಹೋದೆ.

ಹುಣಸೆಮರ ಅಲ್ಲೇ ಇತ್ತು, ರಾಶಿಯೂ ಇತ್ತು. ಬುಡದಲ್ಲಿ ಭಾವಮೈದುನ ನಿಂತಿದ್ದ, ಕೂದಲು ನರೆತಿತ್ತು. ಅವನು ಕೇರಿಯವರಿಗೆ ಕೈಮುಗಿದು, “ಅಕ್ಕಾ, ನಮ್ ಗುರ್ತು ಮರೀಬ್ಯಾಡಿ, ಅಣ್ಣಾ, ನಮ್ದೇ ಅನ್ಕಳಿ” ಎನ್ನುತ್ತಿದ್ದ. ಮುಗಿದ ಕೈಗಳನ್ನು ನೋಡಿದೆ. ಅಮ್ಮಿಯ ಶಾಪ ತಟ್ಟಿರಲಿಲ್ಲ, ಹತ್ತು ಬೆರಳೂ ನೆಟ್ಟಗಿದ್ದವು. ನನ್ನ ರಕ್ತ ಕುದಿಯಿತು. ಕೇರಿಯವರು ಅವನನ್ನು ದಾಟುವಾಗ ತಲೆ ತಗ್ಗಿಸಿ ಬೇಗಬೇಗ ನಡೆಯುತ್ತಿದ್ದರು. ಹೆದರಿಕೆ ಹೋಗಿರಲಿಲ್ಲ. ಗೇಟಿನ ಹತ್ತಿರ ಬಂದು ಹಿಂದಿರುಗಿದವರೂ ಇದ್ದರು.

ಹೆಂಗಸರ ಸಾಲಿನಲ್ಲಿ ಅವಳಿದ್ದಳು. ಸೆರಗಿನೊಳಗೆ ಎಡಗೈ ಮುಚ್ಚಿಕೊಂಡಿದ್ದಳು. ಅವಳ ಹಿಂದೆ ಕೇರಿಯ ಹೆಂಗಸರು ಗುಂಪು ಕಟ್ಟಿಕೊಂಡು, ಇವಳು ಹೋದರೆ ಹೋಗುವುದು, ಇಲ್ಲದಿದ್ದರೆ ಮನೆಗೆ ಎಂಬಂತೆ ನಿಂತಿದ್ದರು. ಮೇಜಿನ ಹಿಂದೆ ಕೂತಿದ್ದವನು ಯಾವುದೋ ಊರಿನ ಎಳೆಯ ಗುಮಾಸ್ತ, ಶಾಯಿಕಡ್ಡಿ ಹಿಡಿದು ತಲೆ ಎತ್ತದೆ, “ಎಡಗೈ ತೋರುಬೆರಳು ಕೊಡಮ್ಮ” ಎಂದ. ಅವಳು ಸೆರಗು ಸರಿಸಿ ಕೈ ಚಾಚಿದಳು. ಕಡ್ಡಿ ಬೆರಳು ಇರಬೇಕಾದ ಜಾಗಕ್ಕೆ ಬಂದು ನಿಂತಿತು. ಅವನು ಬೆಚ್ಚಿ ಮೇಲೆ ನೋಡಿದ.

“ಬೆರಳೇ ಇಲ್ಲವಲ್ಲಮ್ಮ! ಶಾಯಿ ಎಲ್ಲಿಗೆ ಹಚ್ಚಲಿ?”

ಅವಳು ಅವನಿಗೆ ಉತ್ತರ ಕೊಡಲಿಲ್ಲ. ಬಾಗಿಲ ಕಡೆ, ಅದರಾಚೆಯ ಹುಣಸೆಮರದ ಕಡೆ ತಿರುಗಿದಳು. ಹೊಲದ ಆಚೆ ಬದಿಯವರನ್ನು ಕೂಗುವಂಥ ಗಂಟಲಿನಲ್ಲಿ, ಸಾಲಿಗೆಲ್ಲ ಕೇಳಿಸುವಂತೆ, ಮರದ ಬುಡಕ್ಕೂ ಕೇಳಿಸುವಂತೆ ಕೂಗಿದಳು:

“ಹೋದ್ಸಲದ್ದ ಅವ್ರು ತಕ್ಕಂಡ್ರು ಸ್ವಾಮಿ. ಈ ಕೈನಾಗೆ ಇನ್ನೂ ನಾಕವೆ, ಆ ಕೈನಾಗೆ ಐದವೆ. ನಾನ್ ಸಾಯಗಂಟ ಓಟಿಗೆ ಸಾಕು. ಹಚ್ಚಿ!”